ಜಿಮ್ಮಿ ಲನ್ಸ್‌ಫರ್ಡ್: ಶಾಲೆ ಬಿಟ್ಟರೂ ಮೇಷ್ಟ್ರಾಗಿಯೇ ಉಳಿದ ಜಾಝ್ ವೃಂದನಾಯಕ

ಮಂದ್ರಸಪ್ತಕ:

ವೇದಿಕೆಯ ಸಂಗೀತಾಸಕ್ತರಿಗೆಲ್ಲ ನಮಸ್ಕಾರ. ಕಳೆದ ನಾಲ್ಕೈದು ತಿಂಗಳುಗಳಿಂದ ಜಿಮ್ಮಿ ಲನ್ಸ್‌ಫರ್ಡ್ ಅವರ ವಾದ್ಯವೃಂದದ ರೆಕಾರ್ಡುಗಳನ್ನು 1927ರಿಂದ ಆರಂಭಿಸಿ ಒಂದೊಂದಾಗಿ ಕೇಳುತ್ತ ಬಂದಿದ್ದೇನೆ. ಜಾಝ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವುದು ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಅವರ ಹೆಸರುಗಳು. 1930ರ ದಶಕದಲ್ಲಿ ಎಲಿಂಗ್ಟನ್ ಮತ್ತು ಬೇಸಿ ಅವರ ವೃಂದಗಳಿಗೆ ಹೆಗಲೆಣೆಯಾಗಿ ನಿಂತಿದ್ದ ಲನ್ಸ್‌ಫರ್ಡ್ ಅವರ ಬಗ್ಗೆ ಕನ್ನಡದಲ್ಲಿ ಒಂದು ಬರಹವೂ ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಲನ್ಸ್‌ಫರ್ಡ್ ಹುಟ್ಟಿದ್ದು 1902ರ ಜೂನ್ 6ರಂದು, ಮಿಸಿಸಿಪಿ ರಾಜ್ಯದ ಫುಲ್ಟನ್ ಎಂಬ ಸಣ್ಣ ಊರಿನ ಬಳಿ. ಬಾಲ್ಯದಲ್ಲಿಯೇ ಕುಟುಂಬ ದಕ್ಷಿಣವನ್ನು ತೊರೆದು, ಓಕ್ಲಹೋಮ ನಗರದ ಮೂಲಕ ಕೊಲರಾಡೊದ ಡೆನ್ವರ್ ಸೇರಿತು. ಸಂಗೀತದ ಪಾಠವಾದದ್ದು ಅಲ್ಲಿ. ಆಮೇಲೆ ನ್ಯಾಶ್‌ವಿಲ್ಲಿನ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ 1926ರಲ್ಲಿ ಪದವಿ ಪಡೆದರು. ಗುಲಾಮಗಿರಿಯಿಂದ ಬಿಡುಗಡೆಯಾದ ಜನರ ಓದಿಗಾಗಿ ಹುಟ್ಟಿಕೊಂಡ ಫಿಸ್ಕ್‌ನ ಗಾಯಕ ತಂಡವೊಂದು 1871ರಲ್ಲಿಯೇ ಊರೂರು ಸುತ್ತಿ, ತಮ್ಮ ಜನರ ಭಕ್ತಿಗೀತೆಗಳನ್ನು ಹಾಡಿ, ಮುಚ್ಚುವ ಸ್ಥಿತಿಯಲ್ಲಿದ್ದ ಸಂಸ್ಥೆಗೆ ಹಣ ಕೂಡಿಸಿತ್ತು. ಸಂಗೀತವೆಂದರೆ ಹೊಣೆಗಾರಿಕೆಯ ಕೆಲಸ ಎಂಬ ಭಾವನೆ ಅಲ್ಲಿನ ಗೋಡೆಗಳಿಗೇ ಅಂಟಿಕೊಂಡಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಪದವಿಯ ಬಳಿಕ ಅವರು ಮೆಂಫಿಸ್ ನಗರದ ಮನಾಸಸ್ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಕಪ್ಪು ಮಕ್ಕಳಿಗೆಂದೇ ಇದ್ದ ಶಾಲೆ ಅದು. ಆಟೋಟ ಕಲಿಸುವುದು ಅವರ ಕೆಲಸದ ಭಾಗವಾಗಿತ್ತು. ಅದರ ಜೊತೆಗೆ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದು ವಾದ್ಯವೃಂದ ಕಟ್ಟಿದರು. ಮೆಂಫಿಸ್ ಸುತ್ತಲಿನ ನೆಲದಲ್ಲಿ ಹಿಂದೆ ಬಾಳಿದ ಚಿಕಸಾ ಮೂಲನಿವಾಸಿಗಳ ಹೆಸರನ್ನೇ ತೆಗೆದುಕೊಂಡು ಆ ತಂಡ ‘ಚಿಕಸಾ ಸಿಂಕೋಪೇಟರ್ಸ್’ ಎಂದು ಕರೆದುಕೊಂಡಿತು. ಡ್ರಮ್ಸ್ ನುಡಿಸುತ್ತಿದ್ದ ಜಿಮ್ಮಿ ಕ್ರಾಫರ್ಡ್ ಮತ್ತು ಮಂದ್ರಸ್ವರದ ವಾದ್ಯವಾದ ಬಾಸ್ ನುಡಿಸುತ್ತಿದ್ದ ಮೋಸೆಸ್ ಆಲೆನ್ ಇಬ್ಬರೂ ಮೆಂಫಿಸ್‌ನ ಹುಡುಗರು. ಫಿಸ್ಕ್‌ನಲ್ಲಿ ಪರಿಚಿತರಾಗಿದ್ದ ಪಿಯಾನೊ ವಾದಕ ಎಡ್ವಿನ್ ವಿಲ್ಕಾಕ್ಸ್ ಮತ್ತು ಆಲ್ಟೊ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ವಿಲ್ಲಿ ಸ್ಮಿತ್ ಆಮೇಲೆ ಬಂದು ಸೇರಿದರು. ಸ್ಮಿತ್ ಫಿಸ್ಕ್‌ನಲ್ಲಿ ಓದಿದ್ದು ರಸಾಯನಶಾಸ್ತ್ರ. 1927ರ ಡಿಸೆಂಬರಿನಲ್ಲಿ ಈ ತಂಡ ಕೊಲಂಬಿಯಾ ಕಂಪನಿಗಾಗಿ ಮೊದಲ ರೆಕಾರ್ಡು ಮಾಡಿತು. 1929ರ ಹೊತ್ತಿಗೆ ಲನ್ಸ್‌ಫರ್ಡ್ ಶಾಲೆಯ ಸಂಬಳವನ್ನು ಬಿಟ್ಟು, ವೃಂದವನ್ನೇ ಜೀವನೋಪಾಯವಾಗಿ ಮಾಡಿಕೊಂಡು ಹೊರಟರು. ಅದೇ ವರ್ಷ ಅಮೆರಿಕದ ಷೇರುಪೇಟೆ ಕುಸಿಯಿತೆಂಬುದನ್ನು ನೆನೆದರೆ ಆ ತೀರ್ಮಾನದ ಭಾರ ತಿಳಿಯುತ್ತದೆ. ಕ್ಲೀವ್‌ಲ್ಯಾಂಡ್, ಬಫಲೊ ಮುಂತಾದ ಉತ್ತರದ ಚಳಿಯೂರುಗಳಲ್ಲಿ ಅವರು ಕಳೆದ ಮೂರು ನಾಲ್ಕು ವರ್ಷಗಳು ಬಹಳ ಕಷ್ಟದವು. 1934ರ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್ಬಿಗೆ ಅವರನ್ನು ಕರೆಸಿಕೊಂಡಾಗ ಅವರ ಹೆಸರು ದೇಶವ್ಯಾಪಿಯಾಯಿತು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಕೆಳಗೆ ಬಿಳಿಯ ಪ್ರೇಕ್ಷಕರು ಮಾತ್ರ ಎಂಬ ನಿಯಮವಿದ್ದ ಸ್ಥಳ ಅದು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ನನ್ನ ಅಭಿಪ್ರಾಯವನ್ನು ನೇರವಾಗಿ ಮುಂದಿಡುತ್ತೇನೆ. ಲನ್ಸ್‌ಫರ್ಡ್ ಅವರ ಬದುಕನ್ನು ಬರೆಯುವವರು ಮೆಂಫಿಸ್‌ನ ಶಾಲೆಯ ಎರಡು ಮೂರು ವರ್ಷಗಳನ್ನು ಮುನ್ನುಡಿಯಂತೆ ಬೇಗ ಮುಗಿಸಿ ಕಾಟನ್ ಕ್ಲಬ್ಬಿಗೆ ಓಡುತ್ತಾರೆ. ನನಗೆ ಕಾಣುವಂತೆ ಆ ಶಾಲೆಯ ವರ್ಷಗಳೇ ಬುನಾದಿ. 1934ರಿಂದ 1942ರವರೆಗಿನ ರೆಕಾರ್ಡುಗಳಲ್ಲಿ ಕೇಳಿಸುವ ಒಗ್ಗಟ್ಟು, ಒಂದೇ ಉಸಿರಿನಲ್ಲಿ ಏಳುವ ಮತ್ತು ಇಳಿಯುವ ಸ್ಯಾಕ್ಸೋಫೋನ್ ಸಾಲು, ಎಲ್ಲವೂ ತರಗತಿಯಲ್ಲಿ ರೂಢಿಯಾದ ಅಭ್ಯಾಸಕ್ರಮದ ಫಲ. ತಿಳಿದವರು ದಯವಿಟ್ಟು ಸೇರಿಸಿ, ತಪ್ಪಿದ್ದರೆ ತಿದ್ದಿ.

ಗ್ರಾಮಫೋನ್_ತಟ್ಟೆ:

ಮಂದ್ರಸಪ್ತಕ ಅವರೇ, ಬಹಳ ಒಳ್ಳೆಯ ವಿಷಯವನ್ನು ಎತ್ತಿಕೊಂಡಿದ್ದೀರಿ. ಡೆನ್ವರ್ ಬಗ್ಗೆ ನೀವು ಒಂದೇ ವಾಕ್ಯದಲ್ಲಿ ದಾಟಿಹೋದಿರಿ; ನಿಮ್ಮ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಅಲ್ಲಿಯೇ ಇದೆ.

ಡೆನ್ವರ್ ಶಾಲೆಗಳ ಸಂಗೀತ ಶಿಕ್ಷಣದ ಮೇಲ್ವಿಚಾರಕರಾಗಿದ್ದವರು ವಿಲ್ಬರ್‌ಫೋರ್ಸ್ ವೈಟ್‌ಮನ್. 1920ರ ದಶಕದಲ್ಲಿ ಅಮೆರಿಕದ ಅತಿ ಪ್ರಸಿದ್ಧ ಬಿಳಿಯ ವೃಂದನಾಯಕರಾದ ಪಾಲ್ ವೈಟ್‌ಮನ್ ಅವರ ತಂದೆ ಇವರೇ. ಲನ್ಸ್‌ಫರ್ಡ್ ಕಲಿತದ್ದು ಇವರ ಬಳಿ. ಮುಂದೆ ಕ್ಯಾನ್ಸಸ್ ಸಿಟಿಯಲ್ಲಿ ಹೆಸರು ಮಾಡಿದ ವೃಂದನಾಯಕ ಆ್ಯಂಡಿ ಕರ್ಕ್ ಕೂಡ ಇದೇ ಗುರುವಿನ ಶಿಷ್ಯರು. ಒಬ್ಬ ಶಾಲಾ ಸಂಗೀತ ಶಿಕ್ಷಕರ ಕೈಯಿಂದ, ಸ್ವಂತ ಮಗನೂ ಸೇರಿದಂತೆ, ಮೂವರು ದೊಡ್ಡ ವೃಂದನಾಯಕರು ಹೊರಬಂದದ್ದು ಸಣ್ಣ ಮಾತಲ್ಲ. ಅದೇ ಊರಿನಲ್ಲಿ ಪಿಟೀಲು ವಾದಕ ಜಾರ್ಜ್ ಮಾರಿಸನ್ ಅವರ ವಾದ್ಯವೃಂದವಿತ್ತು. ಮಾರಿಸನ್ ಶಾಸ್ತ್ರೀಯ ಶಿಕ್ಷಣ ಪಡೆದಿದ್ದ ಕಪ್ಪು ಕಲಾವಿದರು. ಬಣ್ಣದ ಕಾರಣಕ್ಕೆ ಸಿಂಫನಿ ವೃಂದಗಳ ಬಾಗಿಲು ಅವರಿಗೆ ಮುಚ್ಚಿತ್ತು, ಆದ್ದರಿಂದ ನೃತ್ಯಸಂಗೀತದ ವೃಂದವನ್ನು ನಡೆಸಿದರು. 1922ರ ಸುಮಾರಿಗೆ ಲನ್ಸ್‌ಫರ್ಡ್ ಅದರಲ್ಲಿ ಆಲ್ಟೊ ಸ್ಯಾಕ್ಸೋಫೋನ್ ನುಡಿಸಿದರು. ಸ್ವರಲಿಪಿಯನ್ನು ಓದಿ ತಪ್ಪಿಲ್ಲದೆ ನುಡಿಸುವುದು, ಹೊತ್ತಿಗೆ ಸರಿಯಾಗಿ ಬರುವುದು, ಉಡುಪು ಮತ್ತು ನಡವಳಿಕೆಯಲ್ಲಿ ಗೌರವ ಕಾಪಾಡುವುದು ಆ ವೃಂದದ ಕ್ರಮವಾಗಿತ್ತು. ಅಂದರೆ ಮೆಂಫಿಸ್‌ನಲ್ಲಿ ತಾವು ಗುರುವಾಗುವ ಮೊದಲು ಲನ್ಸ್‌ಫರ್ಡ್ ಇಬ್ಬರು ಸಮರ್ಥ ಗುರುಗಳ ಕೆಳಗೆ ಪಳಗಿದ್ದರು.

ಇನ್ನೊಂದು ಸಂಗತಿ. ಅವರು ಸ್ಯಾಕ್ಸೋಫೋನ್ ಅಲ್ಲದೆ ಕೊಳಲು, ಟ್ರಾಂಬೋನ್, ಗಿಟಾರ್ ಮುಂತಾದ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರೂ ತಮ್ಮ ವೃಂದದ ರೆಕಾರ್ಡುಗಳಲ್ಲಿ ಹೆಚ್ಚುಕಡಿಮೆ ನುಡಿಸಲೇ ಇಲ್ಲ. 1939ರ ‘ಲಿಝಾ’ದಲ್ಲಿ ಕೊಳಲು ಕೇಳಿಸುತ್ತದೆ, ಅಷ್ಟೆ. ಉಳಿದಂತೆ ಉದ್ದನೆಯ ಬಿಳಿಯ ಕೋಲು ಹಿಡಿದು ಮುಂದೆ ನಿಂತರು. ಎಲ್ಲ ವಾದ್ಯಗಳನ್ನು ಒಂದಿಷ್ಟು ಬಲ್ಲವನಾಗಿ, ನುಡಿಸುವ ಅವಕಾಶವನ್ನು ಮಾತ್ರ ಮಕ್ಕಳಿಗೆ ಬಿಟ್ಟುಕೊಡುವುದು ಶಾಲಾ ಶಿಕ್ಷಕನ ಸ್ವಭಾವವೇ ಅಲ್ಲವೇ?

ಮನೋಧರ್ಮ:

ಇಬ್ಬರ ಬರಹಗಳನ್ನೂ ಗಮನವಿಟ್ಟು ಓದಿದೆ. ಮಾಹಿತಿಗೆ ಕೃತಜ್ಞತೆಗಳು. ಆದರೆ ನನ್ನಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ, ಅದನ್ನು ವಿನಯದಿಂದಲೇ ಹೇಳುತ್ತೇನೆ.

ಜಾಝ್ ಸಂಗೀತದ ಜೀವಾಳ ಆಶುವಾದನ. ನಮ್ಮ ಸಂಗೀತದಲ್ಲಿ ಮನೋಧರ್ಮವೆಂದು ಯಾವುದನ್ನು ಕರೆಯುತ್ತೇವೆಯೋ ಅದಕ್ಕೆ ಅಲ್ಲಿ ಮೊದಲ ಮಣೆ. ಬೇಸಿ ವೃಂದದಲ್ಲಿ ಸ್ಯಾಕ್ಸೋಫೋನಿನ ಲೆಸ್ಟರ್ ಯಂಗ್ ಎದ್ದು ನಿಂತರೆ ಉಳಿದವರೆಲ್ಲ ಅವರಿಗೆ ದಾರಿ ಮಾಡಿಕೊಡುತ್ತಿದ್ದರು. ಲನ್ಸ್‌ಫರ್ಡ್ ವೃಂದದಲ್ಲಿ ಅಂತಹ ಎತ್ತರದ ಏಕವಾದಕರು ಯಾರಿದ್ದರು? ವಿಲ್ಲಿ ಸ್ಮಿತ್ ಅವರನ್ನೂ ಟ್ರಾಂಬೋನಿನ ಟ್ರಮ್ಮಿ ಯಂಗ್ ಅವರನ್ನೂ ಒಪ್ಪುತ್ತೇನೆ. ಅವರಿಗೂ ಸಿಕ್ಕಿದ್ದು ಎಂಟು ಅಥವಾ ಹದಿನಾರು ಆವರ್ತಗಳ ಚಿಕ್ಕ ಜಾಗ. ಟೋಪಿ ಬೀಸುವುದು, ಟ್ರಂಪೆಟ್ಟುಗಳನ್ನು ಗಾಳಿಗೆಸೆದು ಒಟ್ಟಿಗೆ ಹಿಡಿಯುವುದು, ಸಾಲಾಗಿ ಓಲಾಡುವುದು ಇವೆಲ್ಲ ನೋಡುವವರಿಗೆ ಚೆನ್ನ. ಬರೆದದ್ದನ್ನು ಕಲಿತು ಒಪ್ಪಿಸುವ ಶಾಲಾ ಪದ್ಧತಿಯೇ ಈ ವೃಂದದ ಮಿತಿಯಾಯಿತೆಂದು ನನಗೆ ಅನಿಸುತ್ತದೆ. ನೀವು ಗುಣವೆಂದು ಎತ್ತಿ ತೋರಿಸುತ್ತಿರುವುದನ್ನೇ ನಾನು ದೋಷವೆಂದು ನೋಡುತ್ತಿದ್ದೇನೆ.

ಮಂದ್ರಸಪ್ತಕ:

ಮನೋಧರ್ಮ ಅವರೇ, ನಿಮ್ಮ ಆಕ್ಷೇಪ ಹೊಸದಲ್ಲವಾದರೂ ತೂಕದ್ದು. ಲನ್ಸ್‌ಫರ್ಡ್ ಅವರ ಕಾಲದಲ್ಲಿಯೇ ವಿಮರ್ಶಕರು ಇದನ್ನು ಹೇಳಿದ್ದರು. ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿಯಿರಲಿ.

ಈ ವೃಂದದ ಸೃಷ್ಟಿಶೀಲತೆಯನ್ನು ಏಕವಾದನದಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಅದಿರುವುದು ವಾದ್ಯ ಸಂಯೋಜನೆಯಲ್ಲಿ, ನಮ್ಮ ಚಿತ್ರರಂಗದವರು ‘ಅರೇಂಜರ್’ ಎನ್ನುವವರ ಕೆಲಸದಲ್ಲಿ. 1933ರಲ್ಲಿ ಸೈ ಆಲಿವರ್ ಎಂಬ ಟ್ರಂಪೆಟ್ ವಾದಕ ಸೇರಿದರು. 1910ರಲ್ಲಿ ಹುಟ್ಟಿದ, ಒಹಾಯೊ ರಾಜ್ಯದಲ್ಲಿ ಬೆಳೆದ ಇವರ ತಂದೆತಾಯಿ ಇಬ್ಬರೂ ಸಂಗೀತ ಶಿಕ್ಷಕರು ಎಂಬುದನ್ನು ಗಮನಿಸಿ; ಈ ಕಥೆಯಲ್ಲಿ ಎಲ್ಲಿ ಮುಟ್ಟಿದರೂ ಒಬ್ಬ ಮೇಷ್ಟ್ರು ಸಿಗುತ್ತಾರೆ. ಆಲಿವರ್ ರೂಪಿಸಿದ ಲಯಕ್ಕೆ ‘ಲನ್ಸ್‌ಫರ್ಡ್ ಟೂ ಬೀಟ್’ ಎಂಬ ಹೆಸರೇ ಬಂತು. ನಾಲ್ಕು ಎಣಿಕೆಯ ಆವರ್ತವನ್ನು ಊಹಿಸಿಕೊಳ್ಳಿ. ಬೇಸಿ ವೃಂದದಲ್ಲಿ ವಾಲ್ಟರ್ ಪೇಜ್ ಬಾಸ್ ತಂತಿಯನ್ನು ನಾಲ್ಕೂ ಎಣಿಕೆಗಳ ಮೇಲೆ ಸಮನಾಗಿ ಮೀಟುತ್ತ ನಡೆಯುತ್ತಾರೆ. ಲನ್ಸ್‌ಫರ್ಡ್ ವೃಂದದಲ್ಲಿ ಬಾಸ್ ಅನೇಕ ಕಡೆ ಒಂದು ಮತ್ತು ಮೂರರ ಮೇಲೆ ಮಾತ್ರ ಬೀಳುತ್ತದೆ. ಎರಡು ಮತ್ತು ನಾಲ್ಕರಲ್ಲಿ ಉಳಿಯುವ ಜಾಗದೊಳಗೆ ಕ್ರಾಫರ್ಡ್ ಅವರ ಡ್ರಮ್ಸ್ ಹಗುರವಾಗಿ ಉತ್ತರ ಕೊಡುತ್ತದೆ. ವೇಗ ಮಧ್ಯಮಕಾಲಕ್ಕಿಂತ ಒಂದಿಷ್ಟು ಕೆಳಗಿದ್ದರೂ ಕುಣಿಯುವವರ ಕಾಲು ನಿಲ್ಲುವುದಿಲ್ಲ. ಅವಸರದಿಂದ ಉತ್ಸಾಹ ಹುಟ್ಟಿಸುವುದು ಸುಲಭ; ವಿಳಂಬದ ಕಡೆಗೆ ಎಳೆದುಕೊಂಡೂ ಕಾವು ಆರದಂತೆ ನೋಡಿಕೊಳ್ಳಲು ಹದಿನಾಲ್ಕು ಹದಿನೈದು ಮಂದಿಗೆ ಒಂದೇ ಕಾಲಪ್ರಜ್ಞೆ ಬೇಕು. ಆಲಿವರ್ ಅವರ 1937ರ ‘ಫಾರ್ ಡ್ಯಾನ್ಸರ್ಸ್ ಓನ್ಲಿ’ಯನ್ನು ಇನ್ನೊಮ್ಮೆ ಕೇಳಿ. ಒಂದು ಪುಟ್ಟ ಸ್ವರಗುಚ್ಛವನ್ನು ಹಿತ್ತಾಳೆ ವಾದ್ಯಗಳ ಸಾಲು ಮತ್ತು ಸ್ಯಾಕ್ಸೋಫೋನ್ ಸಾಲು ಪರಸ್ಪರ ಕೈಬದಲಿಸುತ್ತ, ಪ್ರತಿ ಸುತ್ತಿಗೂ ಒಂದಿಷ್ಟೇ ಧ್ವನಿಯೇರಿಸುತ್ತ ಹೋಗುತ್ತವೆ. ಎಲ್ಲಿ ತಡೆಹಿಡಿಯಬೇಕೆಂಬ ವಿವೇಕವೇ ಅದರ ಸೌಂದರ್ಯ.

ವಿಲ್ಲಿ ಸ್ಮಿತ್ ಕೂಡ ಸಂಯೋಜಕರಾಗಿದ್ದರು. 1934ರ ಸೆಪ್ಟೆಂಬರಿನಲ್ಲಿ ಡೆಕ್ಕಾ ಕಂಪನಿಗಾಗಿ ಎಲಿಂಗ್ಟನ್ ಅವರ ‘ಸೊಫಿಸ್ಟಿಕೇಟೆಡ್ ಲೇಡಿ’ಯನ್ನು ಮುದ್ರಿಸಿದಾಗ ಸ್ಮಿತ್ ಬರೆದ ಸ್ಯಾಕ್ಸೋಫೋನ್ ಭಾಗವನ್ನು ಕೇಳಿ. ಒಬ್ಬನೇ ಆಶುವಾಗಿ ನುಡಿಸುತ್ತಿರುವಂತಹ ಬಾಗು ಬಳುಕಿನ ಸಾಲನ್ನು ಇಡೀ ವಿಭಾಗ ಒಂದೇ ಉಸಿರಿನಲ್ಲಿ ನುಡಿಸುತ್ತದೆ. ನೀವು ಹೇಳುವ ಮನೋಧರ್ಮ ಅಲ್ಲಿಯೂ ಇದೆ. ಅದು ಕಾಗದದ ಮೇಲೆ ಹುಟ್ಟಿ, ವಿಭಾಗದ ನಾಯಕನ ಕೈಯಲ್ಲಿ ದಿನಗಟ್ಟಲೆ ತಿದ್ದಿಸಿಕೊಂಡು, ಆಮೇಲೆ ವೇದಿಕೆಗೆ ಬರುತ್ತದೆ. ಸ್ಯಾಕ್ಸೋಫೋನ್ ವಿಭಾಗವನ್ನು ಪ್ರತ್ಯೇಕವಾಗಿ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದವರು ಸ್ಮಿತ್. ಲನ್ಸ್‌ಫರ್ಡ್ ಎಲ್ಲವನ್ನೂ ತಾವೇ ತಿದ್ದಲು ಹೋಗಲಿಲ್ಲ, ತಿದ್ದಬಲ್ಲವರಿಗೆ ಅಧಿಕಾರ ಕೊಟ್ಟರು. ಆಲಿವರ್ ಒಂದು ಬಗೆ, ಸ್ಮಿತ್ ಇನ್ನೊಂದು ಬಗೆ, ವಿಲ್ಕಾಕ್ಸ್ ಮತ್ತೊಂದು ಬಗೆ. ಮೂವರ ಬರವಣಿಗೆಯೂ ಒಂದೇ ವೃಂದದಲ್ಲಿ ಬಾಳಿತು.

ಹೊಸದನ್ನು ಒಳಗೆ ಬಿಡಲು ಅಂಜದ ವೃಂದವಾಗಿತ್ತು ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 1935ರಲ್ಲಿ ಟ್ರಾಂಬೋನ್ ಮತ್ತು ಗಿಟಾರ್ ವಾದಕ ಎಡ್ಡಿ ಡರ್ಹ್ಯಾಮ್ ಅವರು ಧ್ವನಿವರ್ಧನೆಯ ಗಿಟಾರಿನಲ್ಲಿ ‘ಹಿಟಿನ್ ದ ಬಾಟಲ್’ ನುಡಿಸಿದರು. ಜಾಝ್‌ನಲ್ಲಿ ಧ್ವನಿ ಹೆಚ್ಚಿಸಿದ ಗಿಟಾರ್ ಕೇಳಿಸುವ ತೀರಾ ಮೊದಲ ರೆಕಾರ್ಡುಗಳಲ್ಲಿ ಅದೊಂದು. ಕಂಠಪಾಠ ಒಪ್ಪಿಸುವ ತರಗತಿಯಲ್ಲಿ ಇಂತಹುದು ನಡೆಯುತ್ತಿರಲಿಲ್ಲ.

ಮನೋಧರ್ಮ:

‘ಸೊಫಿಸ್ಟಿಕೇಟೆಡ್ ಲೇಡಿ’ಯನ್ನು ಈ ರಾತ್ರಿ ಮೂರು ಬಾರಿ ಕೇಳಿದೆ. ಸ್ಯಾಕ್ಸೋಫೋನ್ ಭಾಗದ ಬಗ್ಗೆ ನೀವು ಹೇಳಿದ್ದನ್ನು ಒಪ್ಪದಿರಲು ಸಾಧ್ಯವಿಲ್ಲ. ಏಕವಾದನದ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ, ಆದರೆ ‘ಶಾಲಾ ಪದ್ಧತಿಯ ಮಿತಿ’ ಎಂದು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಸಂಗೀತ_ಮೇಷ್ಟ್ರು:

ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದೇನೆ. ಗಣರಾಜ್ಯೋತ್ಸವಕ್ಕೆ ಬ್ಯಾಂಡ್ ಸೆಟ್ ಸಿದ್ಧಪಡಿಸುವುದೂ ನನ್ನ ಪಾಲಿನ ಕೆಲಸ. ಆದ್ದರಿಂದ ಈ ಚರ್ಚೆಯನ್ನು ಓದುವಾಗ ವೃಂದನಾಯಕನಿಗಿಂತ ಶಿಕ್ಷಕನೇ ನನ್ನ ಕಣ್ಣ ಮುಂದೆ ಬಂದರು. ಹದಿನೈದು ಹದಿನಾರರ ವಯಸ್ಸಿನ ಹುಡುಗರ ಕೈಗೆ ವಾದ್ಯ ಕೊಟ್ಟು, ಮೊದಲ ತಿಂಗಳ ಅಪಸ್ವರಗಳನ್ನು ಸಹಿಸಿ, ಒಬ್ಬರ ಧ್ವನಿಯನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಹಂತಕ್ಕೆ ತರುವುದು ಎಷ್ಟು ನಿಧಾನದ ಕೆಲಸವೆಂದು ಮಾಡಿದವರಿಗೆ ಮಾತ್ರ ಗೊತ್ತು. ಅಂತಹ ಹುಡುಗರನ್ನೇ ಕರೆದುಕೊಂಡು, ಅವರ ಊಟ ವಸತಿಯ ಹೊಣೆ ಹೊತ್ತು, ನಿಶ್ಚಿತ ಸಂಬಳವಿಲ್ಲದ ದಾರಿಗೆ ಇಳಿಯುವ ಧೈರ್ಯ ನನಗಂತೂ ಬರುತ್ತಿರಲಿಲ್ಲ.

ಲನ್ಸ್‌ಫರ್ಡ್ ಒಬ್ಬರೇ ಹೀಗಿದ್ದವರಲ್ಲ ಎಂದು ಸೇರಿಸಲು ಬಯಸುತ್ತೇನೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ವಾಟ್ಲಿ ಎಂಬ ಶಿಕ್ಷಕರಿದ್ದರು. ‘ಪ್ರೊಫೆಸರ್’ ಎಂಬುದನ್ನು ಮೊಟಕುಗೊಳಿಸಿ ಅವರನ್ನು ಎಲ್ಲರೂ ‘ಫೆಸ್’ ಎಂದು ಕರೆಯುತ್ತಿದ್ದರು. ಅವರು ಶಾಲೆಯಲ್ಲಿ ಕಲಿಸುತ್ತಿದ್ದ ವಿಷಯ ಮುದ್ರಣ ಕಲೆ. ಅಚ್ಚುಮೊಳೆ ಜೋಡಿಸುವ ಕೈಯಿಂದಲೇ ವಾದ್ಯವೃಂದವನ್ನೂ ಕಟ್ಟಿದರು. ಎರ್ಸ್‌ಕಿನ್ ಹಾಕಿನ್ಸ್ ಅವರಂತಹ ವೃಂದನಾಯಕರು ಆ ಶಾಲೆಯ ಗರಡಿಯಿಂದ ಬಂದರು. ಶಿಕಾಗೊದ ಡುಸೇಬಲ್ ಹೈಸ್ಕೂಲಿನಲ್ಲಿ ಕ್ಯಾಪ್ಟನ್ ವಾಲ್ಟರ್ ಡಯೆಟ್ ಇದ್ದರು. ಸ್ಯಾಕ್ಸೋಫೋನ್ ವಾದಕರಾದ ಜೀನ್ ಆಮನ್ಸ್, ಜಾನಿ ಗ್ರಿಫಿನ್ ಇಬ್ಬರೂ ಅವರ ಶಿಷ್ಯರು. ನ್ಯೂ ಆರ್ಲಿಯನ್ಸ್‌ನಲ್ಲಿ ದಾರಿತಪ್ಪಿದ ಕಪ್ಪು ಹುಡುಗರ ವಸತಿಗೃಹದಲ್ಲಿ ಬಾಲಕ ಆರ್ಮ್‌ಸ್ಟ್ರಾಂಗ್ ಕೈಗೆ ಟ್ರಂಪೆಟ್ಟನ್ನು ಹೋಲುವ ಕಾರ್ನೆಟ್ ಕೊಟ್ಟವರು ಪೀಟರ್ ಡೇವಿಸ್ ಎಂಬ ಶಿಕ್ಷಕರು. ಬ್ಲೂಸ್ ಸಂಗೀತವನ್ನು ಬರೆದು ಅಚ್ಚಿಗೆ ತಂದ ಡಬ್ಲ್ಯೂ. ಸಿ. ಹ್ಯಾಂಡಿ ಕೂಡ 1900ರಿಂದ ಎರಡು ವರ್ಷ ಅಲಬಾಮಾದ ಕಾಲೇಜೊಂದರಲ್ಲಿ ಸಂಗೀತ ಕಲಿಸಿದವರೇ. ವರ್ಣಭೇದದ ಆ ದಿನಗಳಲ್ಲಿ ಓದಿದ ಕಪ್ಪು ಯುವಕನಿಗೆ ತೆರೆದಿದ್ದ ಬೆರಳೆಣಿಕೆಯ ವೃತ್ತಿಗಳಲ್ಲಿ ಶಿಕ್ಷಕ ವೃತ್ತಿಯೂ ಒಂದು. ಆದ್ದರಿಂದ ಇತರೆಡೆ ವಕೀಲರೋ ಎಂಜಿನಿಯರೋ ಆಗಬಹುದಾಗಿದ್ದ ಪ್ರತಿಭೆಗಳು ಆ ಶಾಲೆಗಳಲ್ಲಿ ಸೇರಿಕೊಂಡವು. ಜಾಝ್ ಬೀದಿಯಲ್ಲಿ, ಕುಡಿತದ ಅಡ್ಡೆಗಳಲ್ಲಿ ತಾನಾಗಿ ಹುಟ್ಟಿತೆಂದು ಬರೆಯುವವರು ಈ ಮೇಷ್ಟ್ರುಗಳಿಗೆ ಅನ್ಯಾಯ ಮಾಡುತ್ತಿದ್ದಾರೆ.

ನಾಡಿದ್ದು ನನ್ನ ತರಗತಿಯಲ್ಲಿ ‘ಫಾರ್ ಡ್ಯಾನ್ಸರ್ಸ್ ಓನ್ಲಿ’ಯನ್ನು ಕೇಳಿಸುತ್ತೇನೆ. ಏನಾಯಿತೆಂದು ಬಂದು ತಿಳಿಸುತ್ತೇನೆ.

ಕಾಲಪ್ರಮಾಣ:

ಎಲ್ಲರೂ ಲನ್ಸ್‌ಫರ್ಡ್ ಅವರನ್ನು ಮೆಚ್ಚಿ ಬರೆದಿದ್ದೀರಿ. ಮೆಚ್ಚುಗೆ ಸರಿಯೇ. ಆದರೆ 1942ರಲ್ಲಿ ಏನಾಯಿತೆಂಬುದನ್ನು ಹೇಳದೆ ಈ ಬದುಕು ಪೂರ್ಣವಾಗುವುದಿಲ್ಲ.

ಈ ವೃಂದ ವರ್ಷದ ಬಹುಪಾಲು ಒಂದೊಂದು ರಾತ್ರಿ ಒಂದೊಂದು ಊರಿನಲ್ಲಿ ನುಡಿಸುತ್ತಿತ್ತು. ಇಡೀ ರಾತ್ರಿ ಬಸ್ಸಿನಲ್ಲಿ ಪ್ರಯಾಣ, ದಕ್ಷಿಣದಲ್ಲಿ ಹೋಟೆಲುಗಳು ಕಪ್ಪು ಜನರಿಗೆ ಕೋಣೆ ಕೊಡುತ್ತಿರಲಿಲ್ಲವಾದ್ದರಿಂದ ಅವರಿವರ ಮನೆಗಳಲ್ಲಿ ವಾಸ, ಮರುದಿನ ಮತ್ತೆ ಇಸ್ತ್ರಿ ಮಾಡಿದ ಉಡುಪಿನಲ್ಲಿ ನಗುನಗುತ್ತ ವೇದಿಕೆಗೆ. ಜನಪ್ರಿಯತೆಯಂತೂ ಉತ್ತುಂಗದಲ್ಲಿತ್ತು. 1940ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಸೆಂಟರಿನಲ್ಲಿ 28 ವೃಂದಗಳು ಒಂದೇ ರಾತ್ರಿ ಸರದಿಯಂತೆ ನುಡಿಸಿದಾಗ, ಕೊಟ್ಟ ಕಾಲ ಮುಗಿದರೂ ಜನ ಇಳಿಯಲು ಬಿಡದ ವೃಂದ ಲನ್ಸ್‌ಫರ್ಡ್ ಅವರದೇ. ಇಷ್ಟೆಲ್ಲ ಇದ್ದರೂ ವಾದಕರ ಕೈಗೆ ಬರುತ್ತಿದ್ದ ಸಂಬಳ ಇತರ ಪ್ರಸಿದ್ಧ ವೃಂದಗಳಿಗೆ ಹೋಲಿಸಿದರೆ ಕಡಿಮೆ ಎಂಬ ಅಸಮಾಧಾನ ಒಳಗೇ ಬೆಳೆಯಿತು. 1939ರಲ್ಲಿಯೇ ಸೈ ಆಲಿವರ್ ಹೆಚ್ಚಿನ ಸಂಬಳಕ್ಕೆ ಬಿಳಿಯ ವೃಂದನಾಯಕ ಟಾಮಿ ಡಾರ್ಸಿ ಬಳಿ ಹೋಗಿದ್ದರು. ಲನ್ಸ್‌ಫರ್ಡ್ ವಿಮಾನ ಹಾರಿಸುವುದನ್ನು ಕಲಿತು ಸ್ವಂತ ವಿಮಾನವನ್ನೂ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ಕುಳಿತ ವಾದಕರಿಗೆ ಅದು ಹೇಗೆ ಕಂಡಿರಬೇಕೆಂದು ಊಹಿಸಬಹುದು. 1942ರಲ್ಲಿ ಸಂಬಳ ಹೆಚ್ಚಿಸಬೇಕೆಂಬ ಬೇಡಿಕೆ ಈಡೇರದಿದ್ದಾಗ ವಿಲ್ಲಿ ಸ್ಮಿತ್ ಸೇರಿದಂತೆ ಹಲವರು ಬಿಟ್ಟುಹೋದರು. ಮರುವರ್ಷ ಟ್ರಮ್ಮಿ ಯಂಗ್ ಹೋದರು, ಮನಾಸಸ್ ಶಾಲೆಯ ದಿನಗಳಿಂದ ಜೊತೆಗಿದ್ದ ಕ್ರಾಫರ್ಡ್ ಕೂಡ ಹೋದರು.

ಯುದ್ಧಕಾಲವೂ ಇದಕ್ಕೆ ಕಾರಣವೆಂದು ಹೇಳಬಹುದು. ಯುವಕರನ್ನು ಸೈನ್ಯ ಕರೆದುಕೊಂಡಿತು. ಟೈರು ಮತ್ತು ಪೆಟ್ರೋಲಿಗೆ ಪಡಿತರ ಬಂದು ಬಸ್ಸಿನ ಓಡಾಟ ಕಷ್ಟವಾಯಿತು. 1942ರ ಆಗಸ್ಟ್ 1ರಿಂದ ವಾದಕರ ಸಂಘ ಧ್ವನಿಮುದ್ರಣದ ಮೇಲೆ ನಿಷೇಧ ಹೇರಿತು. ಇವೆಲ್ಲ ಎಲ್ಲ ವೃಂದಗಳಿಗೂ ಬಂದ ಕಷ್ಟಗಳು. ಆದರೆ ಬಾಲ್ಯದಿಂದ ಕೈಹಿಡಿದು ಕಲಿಸಿದ ಶಿಷ್ಯರು ದೊಡ್ಡವರಾಗಿ, ಸಂಸಾರಸ್ಥರಾಗಿ, ತಮ್ಮ ದುಡಿಮೆಗೆ ತಕ್ಕ ಪಾಲು ಕೇಳಿದಾಗ ಗುರು ಅವರನ್ನು ಇನ್ನೂ ವಿದ್ಯಾರ್ಥಿಗಳೆಂದೇ ಕಂಡರೇನೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಮಂದ್ರಸಪ್ತಕ ಅವರ ವಾದವನ್ನು ಒಪ್ಪುವುದಾದರೆ ಇದನ್ನೂ ಒಪ್ಪಬೇಕಾಗುತ್ತದೆ.

ಮಂದ್ರಸಪ್ತಕ:

ಒಪ್ಪುತ್ತೇನೆ. ಇದನ್ನು ನಾನು ಮೊದಲ ಬರಹದಲ್ಲಿಯೇ ಹೇಳಬೇಕಿತ್ತು. ಕುಡಿತ, ಧೂಮಪಾನಗಳಿಂದ ದೂರವಿದ್ದ, ಮಾತು ಕಡಿಮೆಯ, ನಡತೆಯಲ್ಲಿ ಕಟ್ಟುನಿಟ್ಟಿನ ಮನುಷ್ಯ ಅವರು. ಅಂತಹವರನ್ನು ಗೌರವಿಸುವುದು ಸುಲಭ, ಅವರ ಎದುರು ಕುಳಿತು ಸಂಬಳದ ಮಾತೆತ್ತುವುದು ಕಷ್ಟ. 1939ರಲ್ಲಿ ಆಲಿವರ್ ಹೋದಾಗಲೇ ಎಚ್ಚರವಾಗಬೇಕಿತ್ತು. ಒಡೆಯುವ ಮೊದಲಿನ ವೃಂದವನ್ನೂ 1943ರ ಆಚೆಗಿನ ವೃಂದವನ್ನೂ ಒಂದರ ಹಿಂದೊಂದು ಕೇಳಿದರೆ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ: ಹೊಸಬರೂ ನಿಪುಣರೇ, ಸ್ವರಗಳು ತಪ್ಪಿಲ್ಲ, ಆದರೆ ಹದಿಮೂರು ಹದಿನಾಲ್ಕು ವರ್ಷ ಒಟ್ಟಿಗೆ ಉಸಿರಾಡಿದವರ ಆ ಒಂದೇ ಕಾಲಪ್ರಜ್ಞೆ ಅಲ್ಲಿಲ್ಲ. ಅದನ್ನು ಕಲಿಸಲು ಮತ್ತೊಂದು ಶಾಲೆ ಬೇಕಿತ್ತು, ಅಷ್ಟು ಕಾಲ ಅವರಿಗೆ ಉಳಿದಿರಲಿಲ್ಲ.

ಮೆಂಫಿಸ್_ಕನ್ನಡಿಗ:

ತಡವಾಗಿ ಈ ಚರ್ಚೆಯನ್ನು ನೋಡಿದೆ. ಕೆಲಸದ ನಿಮಿತ್ತ ಹಲವು ವರ್ಷಗಳಿಂದ ಮೆಂಫಿಸ್‌ನಲ್ಲಿದ್ದೇನೆ. ಇಲ್ಲಿನ ಎಲ್ಮ್‌ವುಡ್ ಸ್ಮಶಾನದಲ್ಲಿ ಲನ್ಸ್‌ಫರ್ಡ್ ಅವರ ಸಮಾಧಿಯಿದೆ. ದೊಡ್ಡ ದೊಡ್ಡ ಮರಗಳ ನಡುವಿನ, 1852ರಷ್ಟು ಹಳೆಯ ಸ್ಮಶಾನ ಅದು. ಕಳೆದ ಚಳಿಗಾಲದಲ್ಲಿ ಹೋಗಿ ನೋಡಿಬಂದೆ.

ಅವರು ತೀರಿಕೊಂಡದ್ದು ಇಲ್ಲಿಂದ ಬಹುದೂರ, ಪೆಸಿಫಿಕ್ ಕರಾವಳಿಯ ಆರೆಗನ್ ರಾಜ್ಯದ ಸೀಸೈಡ್ ಎಂಬ ಊರಿನಲ್ಲಿ, 1947ರ ಜುಲೈ 12ರಂದು. ಆ ಸಂಜೆ ಅಲ್ಲಿ ನೃತ್ಯ ಕಾರ್ಯಕ್ರಮವಿತ್ತು. ಅದಕ್ಕೆ ಮುನ್ನ ರೆಕಾರ್ಡು ಅಂಗಡಿಯೊಂದರಲ್ಲಿ ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕಿಕೊಡುತ್ತಿದ್ದಾಗ ಕುಸಿದುಬಿದ್ದರು. ವಯಸ್ಸು 45. ಹೃದಯದ ರಕ್ತನಾಳ ಕಟ್ಟಿಕೊಂಡದ್ದೇ ಕಾರಣವೆಂದು ಅಧಿಕೃತವಾಗಿ ದಾಖಲಾಯಿತು. ಆ ದಿನ ಊಟ ಮಾಡಿದ ಜಾಗದಲ್ಲಿ ಕಪ್ಪು ಜನರಿಗೆ ಬಡಿಸಲು ಮನಸ್ಸಿಲ್ಲದೆ ಬಡಿಸಿದರೆಂದೂ, ಆಹಾರದಲ್ಲಿ ವಿಷವಿತ್ತೆಂದೂ, ಬೇರೆ ವಾದಕರಿಗೂ ಹೊಟ್ಟೆ ಕೆಟ್ಟಿತೆಂದೂ ವೃಂದದವರ ನಡುವೆ ಹಬ್ಬಿದ ಮಾತು ಇಂದಿಗೂ ನಿಂತಿಲ್ಲ. ಅದು ರುಜುವಾತಾದ ಸಂಗತಿಯಲ್ಲ. ಆದರೆ ಊಟಕ್ಕೆ ಕುಳಿತಲ್ಲೆಲ್ಲ ಅವಮಾನ ಉಣ್ಣುತ್ತಿದ್ದವರಿಗೆ ಅಂತಹ ಸಂಶಯ ಬಂದದ್ದು ಸಹಜವೆಂದು ಒಪ್ಪಲೇಬೇಕು. ನಾಯಕರಿಲ್ಲದ ವೃಂದವನ್ನು ವಿಲ್ಕಾಕ್ಸ್ ಮತ್ತು ಟೆನರ್ ಸ್ಯಾಕ್ಸೋಫೋನಿನ ಜೋ ಥಾಮಸ್ ಕೆಲಕಾಲ ಮುನ್ನಡೆಸಿದರು.

ಮನಾಸಸ್ ಹೈಸ್ಕೂಲ್ ಈಗಲೂ ಇದೆ. ಲನ್ಸ್‌ಫರ್ಡ್ ಬಿಟ್ಟುಹೋದ ಮೇಲೆ ಅಲ್ಲಿ ಸಂಗೀತ ನಿಲ್ಲಲಿಲ್ಲ ಎಂಬುದನ್ನು ವಿಶೇಷವಾಗಿ ಹೇಳಬೇಕು. ಟ್ರಂಪೆಟ್‌ನ ಬೂಕರ್ ಲಿಟಲ್, ಸ್ಯಾಕ್ಸೋಫೋನಿನ ಜಾರ್ಜ್ ಕೋಲ್ಮನ್, ಹ್ಯಾಂಕ್ ಕ್ರಾಫರ್ಡ್ ಮತ್ತು ಚಾರ್ಲ್ಸ್ ಲಾಯ್ಡ್, ಪಿಯಾನೊದ ಹೆರಾಲ್ಡ್ ಮೇಬರ್ನ್, ಇವರೆಲ್ಲ ಅದೇ ಶಾಲೆಯಲ್ಲಿ ಓದಿದವರು. ಒಂದೇ ಸರ್ಕಾರಿ ಶಾಲೆ!

ಗ್ರಾಮಫೋನ್_ತಟ್ಟೆ:

ಮೆಂಫಿಸ್ ಕನ್ನಡಿಗ ಅವರಿಗೆ ಧನ್ಯವಾದಗಳು. ಅವರ ಪಟ್ಟಿಗೆ ಇನ್ನೊಂದು ಹೆಸರನ್ನು ಸೇರಿಸುತ್ತೇನೆ, ಶಾಲೆಯಿಂದಲ್ಲ, ವೃಂದದಿಂದ. ಆಲಿವರ್ ಬಿಟ್ಟ ಜಾಗಕ್ಕೆ 1939ರಲ್ಲಿ ಜೆರಾಲ್ಡ್ ವಿಲ್ಸನ್ ಎಂಬ ಇಪ್ಪತ್ತೊಂದರ ಹುಡುಗನನ್ನು ಲನ್ಸ್‌ಫರ್ಡ್ ಕರೆತಂದರು. ಮಿಸಿಸಿಪಿಯಲ್ಲಿ ಹುಟ್ಟಿ ಡೆಟ್ರಾಯಿಟ್‌ನ ಶಾಲೆಯಲ್ಲಿ ಸಂಗೀತ ಕಲಿತಿದ್ದವರು. ಟ್ರಂಪೆಟ್ ನುಡಿಸಲು ಬಂದ ಆ ಹುಡುಗನ ಬರವಣಿಗೆಗೂ ವೃಂದದಲ್ಲಿ ಜಾಗ ಸಿಕ್ಕಿತು. ಅವರ ‘ಯಾರ್ಡ್ ಡಾಗ್ ಮಝುರ್ಕ’ 1941ರಲ್ಲಿ ಮುದ್ರಣವಾಯಿತು. ವಿಲ್ಸನ್ 1942ರಲ್ಲಿ ವೃಂದ ಬಿಟ್ಟರು, ಎರಡು ವರ್ಷಗಳಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸ್ವಂತ ವೃಂದ ಕಟ್ಟಿದರು, ಮುಂದೆ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳಲ್ಲಿ ದಶಕಗಳ ಕಾಲ ಜಾಝ್ ಇತಿಹಾಸ ಕಲಿಸಿದರು. 2014ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿಲ್ಬರ್‌ಫೋರ್ಸ್ ವೈಟ್‌ಮನ್ ಅವರ ಡೆನ್ವರ್ ತರಗತಿಯಿಂದ ಎಣಿಸಿದರೆ ಪಾಠದ ಆ ಎಳೆ ನಮ್ಮ ಕಾಲದವರೆಗೂ ಕಡಿಯದೆ ಬಂದಿದೆ.

ಸಂಗೀತ_ಮೇಷ್ಟ್ರು:

ಹೇಳಿದ್ದಂತೆ ತರಗತಿಯಲ್ಲಿ ಕೇಳಿಸಿದೆ. ಒಂಬತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳು. ಮೊದಲ ಸಲ ಏನನ್ನೂ ವಿವರಿಸದೆ ಸುಮ್ಮನೆ ಹಾಕಿದೆ. ಎರಡನೆಯ ಸಲ ಬಾಸ್ ಎಲ್ಲಿ ಬೀಳುತ್ತದೆಯೋ ಅಲ್ಲಿ ಮೇಜು ತಟ್ಟಲು ಹೇಳಿದಾಗ ಮುಂದಿನ ಸಾಲಿನವರು ನಾಲ್ಕೂ ಎಣಿಕೆಗಳಿಗೆ ತಟ್ಟತೊಡಗಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುವವಳು, ಕೈಯೆತ್ತಿ, ‘ಸರ್, ಇವರು ಮಧ್ಯೆ ಮಧ್ಯೆ ಬಿಡ್ತಿದ್ದಾರೆ, ಬಿಟ್ಟ ಕಡೆ ಡ್ರಮ್ ಬರ್ತಿದೆ’ ಎಂದಳು. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಮತ್ತು ಮೂರನ್ನು, ಇನ್ನೊಂದಕ್ಕೆ ಎರಡು ಮತ್ತು ನಾಲ್ಕನ್ನು ಕೊಟ್ಟೆ. ಐದನೆಯ ಸಲಕ್ಕೆ ಎರಡೂ ಗುಂಪು ಓಡದೆ, ಜಗ್ಗದೆ ಕೊನೆಯವರೆಗೆ ನಿಂತವು. ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ. ಇನ್ನೊಂದು ಸಲ ಹಾಕಿ ಎಂದರು, ಹಾಕಿದೆ.